ಒಂದೇ ಖಾತೆಯ ಊರುಗಳು

ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಗಣಿಯು ಕ್ಷಯಿಸುವ ಸ್ವತ್ತು. ಯಂತ್ರ ಸವೆದರೆ ಹೊಸದನ್ನು ಕೊಳ್ಳಬಹುದು; ತೆಗೆದ ಅದಿರು ಭೂಮಿಯಲ್ಲಿ ಮತ್ತೆ ಹುಟ್ಟದು. ಆದ್ದರಿಂದಲೇ ಗಣಿ ಕಂಪನಿಯು ಸ್ವತ್ತಿನ ಬೆಲೆಯನ್ನು ವರ್ಷವರ್ಷವೂ ಇಳಿಸುತ್ತ ಬರುತ್ತದೆ. ಆದರೆ ಆ ಗಣಿಯನ್ನು ನಂಬಿ ಬೆಳೆದ ಊರಿನ ಸವಕಳಿಯನ್ನು ಯಾರ ಲೆಕ್ಕಪುಸ್ತಕದಲ್ಲಿಯೂ ಬರೆಯುವುದಿಲ್ಲ.

ಕೋಲಾರ ಚಿನ್ನದ ಗಣಿ ಇದಕ್ಕೆ ನಮ್ಮ ರಾಜ್ಯದ ದೊಡ್ಡ ನಿದರ್ಶನ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾಲಿಟ್ಟ ಮೇಲೆ ಅಲ್ಲೊಂದು ನಗರವೇ ಎದ್ದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ತಲುಪಿದ್ದು ಆ ಗಣಿಗೆ. ಬೆಂಗಳೂರಿನ ಬೀದಿಗಳು ಬೆಳಗಿದ್ದು ಅನಂತರ, 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ವೆಚ್ಚ ಏರಿತು, ಅದಿರಿನಲ್ಲಿನ ಚಿನ್ನ ಕಡಿಮೆಯಾಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪನೆಯಾಯಿತು. ಒಡೆತನ ಬದಲಾದರೂ ಅದಿರಿನ ಗುಣ ಬದಲಾಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಉಳಿದದ್ದು ಮೂರು ಕೋಟಿ ಟನ್ನಿಗೂ ಮೀರಿದ ಸೈನೈಡ್ ಮಣ್ಣಿನ ದಿಬ್ಬಗಳು ಮತ್ತು ನಿತ್ಯ ಬೆಳಗ್ಗೆ ಬೆಂಗಳೂರಿನ ರೈಲು ಹತ್ತುವ ಜನ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಸಂಸ್ಥೆಯ ಕಾರ್ಖಾನೆ ಅಲ್ಲಿಲ್ಲದಿದ್ದರೆ ಸ್ಥಿತಿ ಇನ್ನೂ ಕಠಿಣವಾಗುತ್ತಿತ್ತು. ಆದರೂ ಒಂದು ಕಾರ್ಖಾನೆಯಿಂದ ಇಡೀ ಗಣಿನಗರದ ಕೊರತೆ ತುಂಬಲಿಲ್ಲ.

ಉಕ್ರೇನಿನ ಡೊನ್‌ಬಾಸ್ ಸೀಮೆಯ ಗಣಿನಗರಗಳ ಹುಟ್ಟೂ ಇಂಥದೇ. ವೇಲ್ಸ್‌ನ ಉದ್ಯಮಿ ಜಾನ್ ಹ್ಯೂಸ್ 1870ರ ಸುಮಾರಿಗೆ ಕಲ್ಲಿದ್ದಲು, ಕಬ್ಬಿಣವನ್ನು ನಂಬಿ ಕಟ್ಟಿದ ಊರೇ ಇಂದಿನ ಡೊನೆಟ್ಸ್ಕ್. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಆ ಸೀಮೆಯಲ್ಲಿ ಅನೇಕ ಗಣಿಗಳು ಮುಚ್ಚಿದವು. 2014ರಿಂದ ಯುದ್ಧವೂ ಸೇರಿ ಬದುಕು ಧ್ವಂಸವಾಯಿತು.

ಇದು ದೂರದ ಮಾತಲ್ಲ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಈ ಶತಮಾನದ ಆರಂಭದಲ್ಲಿ ಅದರ ಬಾಗಿಲು ಮುಚ್ಚಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಬಟ್ಟೆ ಗಿರಣಿಗಳೂ ಒಂದೊಂದಾಗಿ ನಿಂತವು. ದಾವಣಗೆರೆ ಚೇತರಿಸಿಕೊಂಡದ್ದಕ್ಕೆ ಕಾರಣವಿದೆ: ಅಲ್ಲಿ ವಿದ್ಯಾಸಂಸ್ಥೆಗಳಿದ್ದವು, ಮೆಕ್ಕೆಜೋಳ ಹಾಗೂ ಭತ್ತದ ವಹಿವಾಟಿತ್ತು. ಒಂದು ಖಾತೆ ಬರಿದಾದಾಗ ಬೇರೆ ಖಾತೆಗಳಲ್ಲಿ ಜಮೆ ಇತ್ತು. ಹರಿಹರಕ್ಕೆ ಆ ಅನುಕೂಲ ಕಡಿಮೆ. ಪೇಟೆ ಮಂಕಾದರೆ ಅದರ ಬಿಸಿ ಭಾನುವಳ್ಳಿಯಂತಹ ಸುತ್ತಲ ಗ್ರಾಮಗಳ ಅಂಗಡಿಗಳಿಗೂ ತಟ್ಟದೆ ಇರದು.

ಗಣಿಗಳಿಗಾದರೆ 2003ರಿಂದ ಮುಚ್ಚುವಿಕೆಯ ಯೋಜನೆ ಹಾಗೂ ಆರ್ಥಿಕ ಖಾತರಿ ಕಡ್ಡಾಯವಾಗಿದೆ. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಬಂದಿವೆ. ಕೋಲಾರದ ಕಾರ್ಮಿಕರಿಗೆ ಇವೆರಡೂ ತಡವಾಗಿ ಬಂದವು. ಊರನ್ನೇ ಪೋಷಿಸುವ ಕಾರ್ಖಾನೆಯ ವಿಷಯದಲ್ಲಿ ಇಂತಹ ಮುಂಜಾಗ್ರತೆಯ ಯೋಚನೆಯೇ ನಮ್ಮಲ್ಲಿ ಬೆಳೆದಿಲ್ಲ. ಮುಚ್ಚುವ ದಿನ ಕೆಲಸಗಾರನ ಪರಿಹಾರದ ಮಾತು ಬರುತ್ತದೆ. ಅವನಿಗೆ ಉದ್ರಿ ಕೊಟ್ಟ ಕಿರಾಣಿ ವರ್ತಕನ ಬಾಕಿಯ ಮಾತು ಬರುವುದಿಲ್ಲ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಎರಡು. ಪ್ರತಿಯೊಬ್ಬರೂ ತಮ್ಮ ಮಾರಾಟದಲ್ಲಿ, ಬರಬೇಕಾದ ಬಾಕಿಯಲ್ಲಿ, ಒಂದೇ ಕಾರ್ಖಾನೆಯ ಸಂಬಳವನ್ನು ಅವಲಂಬಿಸಿದ ಪಾಲು ಎಷ್ಟೆಂದು ಈ ವರ್ಷಾಂತ್ಯದ ಲೆಕ್ಕದೊಡನೆ ಗುರುತಿಸಿಕೊಳ್ಳಬೇಕು. ಎರಡನೆಯದಾಗಿ, ನಮ್ಮ ವಾಣಿಜ್ಯ ಸಂಸ್ಥೆಯು ಆ ಮಾಹಿತಿಯನ್ನು ಒಟ್ಟುಗೂಡಿಸಿ, ಹರಿಹರದ ಕುಶಲ ಲೇತ್ ಕೆಲಸಗಾರರಿಗೂ ಸಣ್ಣ ಘಟಕಗಳಿಗೂ ಹೊರಗಿನ ಆದೇಶಗಳನ್ನು ದೊರಕಿಸುವ ಕಾರ್ಯಕ್ಕೆ ಕೈಹಾಕಬೇಕು. ಲಾಭವಿರುವ ವರ್ಷಗಳಲ್ಲಿಯೇ ಸವಕಳಿಗೆ ನಿಧಿ ತೆಗೆದಿಡುವುದು ಕ್ರಮ. ನಷ್ಟದ ವರ್ಷದಲ್ಲಿ ತೆಗೆದಿಡಲು ಏನೂ ಇರುವುದಿಲ್ಲ.