ಗಡಿ ದಾಟಿದ ಗ್ರಹಗಳು

ಆಕಾಶದಲ್ಲಿ ಕಂಡ ಬೆಳಕೆಲ್ಲವೂ ಶತ್ರುವಿನದೆಂದು ಶಂಕಿಸುವ ಕಾಲ ಬಂದೊದಗಿದೆ. ಚಾಲಕನಿಲ್ಲದೆ ಹಾರುವ ಡ್ರೋನ್ ಎಂಬ ಯಂತ್ರವು ಯುದ್ಧದ ಆಯುಧವಾಗಿ ಪರಿಣಮಿಸಿದ ಮೇಲೆ ಈ ಶಂಕೆಗೆ ಆಧಾರವಿಲ್ಲವೆಂದು ಯಾರೂ ಹೇಳಲಾರರು. 2025ರ ಮೇ ತಿಂಗಳಲ್ಲಿ ನಮ್ಮ ಪಶ್ಚಿಮ ಗಡಿಯ ಊರುಗಳು ರಾತ್ರಿಯಿಡೀ ದೀಪವಾರಿಸಿ ಕುಳಿತುದನ್ನು ವಾಚಕರು ಬಲ್ಲರು. ಅಂದು ಬಂದ ಡ್ರೋನುಗಳು ನಿಜವಾದ ಡ್ರೋನುಗಳೇ. ಆದರೆ ಅದೇ ದಿನಗಳಲ್ಲಿ ಮುಂಜಾನೆಯ ಪೂರ್ವ ದಿಗಂತದಲ್ಲಿ ಶುಕ್ರಗ್ರಹವೂ ಅತ್ಯುಜ್ವಲವಾಗಿ ಬೆಳಗುತ್ತಿದ್ದಿತು. ಒಂದನ್ನು ಕಂಡು ಇನ್ನೊಂದೆಂದು ಬಗೆದರೆ ಆಗುವುದೇನು? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ನಮ್ಮ ದೇಶದ ಸೈನ್ಯಕ್ಕೇ ಒಮ್ಮೆ ಈ ಪ್ರಶ್ನೆ ಎದುರಾಗಿತ್ತು.

2012ರ ಆಗಸ್ಟ್ ತಿಂಗಳಿಂದ 2013ರ ಫೆಬ್ರವರಿಯವರೆಗೆ ಲಡಾಖಿನ ಪ್ಯಾಂಗಾಂಗ್ ಸರೋವರದ ಕಡೆ ಕಾವಲಿದ್ದ ನಮ್ಮ ಯೋಧರು ಆಕಾಶದಲ್ಲಿ ಗುರುತು ಸಿಗದ ವಸ್ತುಗಳನ್ನು ಕಂಡುದಾಗಿ 329 ಬಾರಿ ದಾಖಲೆ ಮಾಡಿದರು. ಅವುಗಳ ಪೈಕಿ 155 ಸಲ ಆ ವಸ್ತುಗಳು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ನಮ್ಮ ಕಡೆಗೆ ಬಂದುವೆಂದು ಬರೆಯಲಾಯಿತು. ಚೀನವು ಬೇಹುಗಾರಿಕೆಗೆ ಡ್ರೋನುಗಳನ್ನು ಕಳುಹಿಸುತ್ತಿದೆಯೆಂಬುದು ಸಹಜವಾದ ಊಹೆ. ಅದು ಸಾಮಾನ್ಯ ಕಾಲವೂ ಅಲ್ಲ. 2013ರ ಏಪ್ರಿಲ್ 15ರಂದು ದೆಪ್ಸಾಂಗ್ ಬಯಲಿನಲ್ಲಿ ಚೀನೀ ಸೈನಿಕರು ಬಂದು ಡೇರೆ ಹೂಡಿದರು. ಎರಡೂ ಸೈನ್ಯಗಳು ಮೂರು ವಾರ ಎದುರುಬದುರು ನಿಂತಿದ್ದು ಅನಂತರ ಹಿಂದೆ ಸರಿದುವು. ಇಂಥ ಸನ್ನಿವೇಶದಲ್ಲಿ "155 ಬಾರಿ ಗಡಿ ಉಲ್ಲಂಘನೆ" ಎಂಬ ಅಂಕಿ ಕಡತದಲ್ಲಿ ಕುಳಿತಿರುವುದೆಂದರೆ ಒಣಹುಲ್ಲಿನ ಬಣವೆಯ ಬಳಿ ಕೆಂಡವಿಟ್ಟಂತೆ.

ಸೈನ್ಯವು ದುಡುಕಲಿಲ್ಲ. ಕಂಡುದೇನೆಂದು ಬಲ್ಲವರನ್ನು ಕೇಳಿತು. ಕೇಳಿದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯನ್ನು. ಲಡಾಖಿನಲ್ಲೇ ಹಾನ್ಲೆ ಎಂಬಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಆ ಸಂಸ್ಥೆಯ ವೇಧಶಾಲೆಯಿದೆ. ಅಲ್ಲಿರುವ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆಂಬುದು ವಾಚಕರಿಗೆ ಆಶ್ಚರ್ಯ ತರಬಹುದು. ಸಂಸ್ಥೆಯ ಖಗೋಳಜ್ಞರಾದ ತುಷಾರ್ ಪ್ರಭು ಮೊದಲಾದವರ ಮುಂದಿದ್ದ ಪ್ರಶ್ನೆ ಇಷ್ಟೇ: ಈ ವಸ್ತುಗಳು ಭೂಮಿಗೆ ಸೇರಿದವೋ, ಆಕಾಶಕ್ಕೆ ಸೇರಿದವೋ? ಯಾವ ಹೊತ್ತಿಗೆ ಕಂಡಿತು, ಯಾವ ದಿಕ್ಕಿನಲ್ಲಿ ಕಂಡಿತು, ದಿಗಂತದಿಂದ ಎಷ್ಟು ಎತ್ತರದಲ್ಲಿತ್ತು ಎಂಬ ಮೂರು ಅಂಶಗಳು ದೊರೆತರೆ ಉಳಿದುದು ಗಣಿತದ ಕೆಲಸ. ಲೆಕ್ಕ ತಾಳೆಯಾಯಿತು. ಒಂದು ಗುರು, ಇನ್ನೊಂದು ಶುಕ್ರ. 2013ರ ಜುಲೈಯಲ್ಲಿ ಈ ಸಂಗತಿ ಪತ್ರಿಕೆಗಳಲ್ಲಿ ಹೊರಬಿದ್ದಾಗ ಜಗತ್ತು ನಕ್ಕಿತು.

ನಗುವುದು ಸುಲಭ. ಆದರೆ ಆ ಯೋಧರ ಸ್ಥಾನದಲ್ಲಿ ನಿಂತು ನೋಡಿದರೆ ನಗು ಬಾರದು. 2012ರ ಆಗಸ್ಟ್ 15ರಂದು ಶುಕ್ರನು ಬೆಳಗಿನ ಆಕಾಶದಲ್ಲಿ ಸೂರ್ಯನಿಂದ ಗರಿಷ್ಠ ದೂರದಲ್ಲಿದ್ದನು. ಅದೇ ಡಿಸೆಂಬರ್ 3ರಂದು ಗುರುವು ಸೂರ್ಯನಿಗೆ ನೇರ ಎದುರಾಗಿ ನಿಂತು, ಸಂಜೆ ಉದಯಿಸಿ ರಾತ್ರಿಯೆಲ್ಲ ಬೆಳಗಿದನು. ಅಂದರೆ ಆ ಚಳಿಗಾಲದಲ್ಲಿ ಸಂಜೆಯ ಪಾಳಿಯವರಿಗೆ ಒಬ್ಬ, ಬೆಳಗಿನ ಪಾಳಿಯವರಿಗೆ ಇನ್ನೊಬ್ಬ. ಎತ್ತರದ ಸ್ಥಳದಲ್ಲಿ ಗಾಳಿ ತೆಳುವು, ಧೂಳಿಲ್ಲ, ಊರಿನ ದೀಪಗಳಿಲ್ಲ. ಬಯಲುಸೀಮೆಯಿಂದ ಹೊಸದಾಗಿ ಹೋದವನು ಹಿಂದೆಂದೂ ಕಾಣದಷ್ಟು ಪ್ರಖರವಾಗಿ ಗ್ರಹಗಳು ಅಲ್ಲಿ ಕಾಣುತ್ತವೆ. ಮೇಲಾಗಿ ಒಂಟಿ ಬೆಳಕಿನ ಚುಕ್ಕೆಗೆ ದೂರವೆಂಬುದಿಲ್ಲ. ಎದುರಿನ ಗುಡ್ಡದ ನೆತ್ತಿಯ ಮೇಲಿದೆಯೋ, ಕೋಟ್ಯಂತರ ಮೈಲಿಗಳಾಚೆ ಇದೆಯೋ ಎಂದು ಕಣ್ಣು ಅಳೆದು ಹೇಳಲಾರದು. ಕತ್ತಲಲ್ಲಿ ಅದನ್ನೇ ದಿಟ್ಟಿಸಿ ನೋಡಿದರೆ ಕಣ್ಣಿನ ಸೂಕ್ಷ್ಮ ಚಲನೆಯಿಂದ ಆ ಚುಕ್ಕೆಯೇ ಅತ್ತಿತ್ತ ಸರಿದಂತೆ ಭಾಸವಾಗುತ್ತದೆ. ಮೋಡ ಹಾಯ್ದರಂತೂ ಅದು ಓಡಿದಂತೆಯೇ ತೋರುತ್ತದೆ.

ಇದಕ್ಕಿಂತ ಮುಖ್ಯವಾದುದು ದಿಕ್ಕು. ಗ್ರಹಗಳೆಲ್ಲ ಮೂಡುವುದು ಪೂರ್ವದಲ್ಲಿ. ಪ್ಯಾಂಗಾಂಗ್ ದಡದಲ್ಲಿ ನಿಂತ ನಮ್ಮ ಯೋಧನಿಗೆ ಪೂರ್ವವೆಂದರೆ ಚೀನದ ಹಿಡಿತದಲ್ಲಿರುವ ಕಡೆ. ಆದಕಾರಣ ಅವನಿಗೆ ಶುಕ್ರನೂ ಗುರುವೂ ಚಂದ್ರನೂ ಆ ಕಡೆಯಿಂದಲೇ ಏಳುತ್ತವೆ, ಮೆಲ್ಲಗೆ ನೆತ್ತಿಯ ಕಡೆಗೆ ಬರುತ್ತವೆ, ಗಡಿ ದಾಟಿ ಭಾರತದೊಳಗೆ ಇಳಿಯುತ್ತವೆ. ಆಚೆಯ ಕಾವಲುಗಾರನು ನೋಡಿದರೆ ಅವನಿಗೂ ಅವು ಭಾರತದ ಮೇಲೆಯೇ ಹೋಗಿ ಅಸ್ತವಾಗುತ್ತವೆ. ಭೂಮಿ ತಿರುಗುವುದೇ ಹಾಗೆ; ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಇನ್ನು 155 ಎಂಬ ಅಂಕಿಯ ಮಾತು. ದಿನವೂ ಅದೇ ಮೇಜಿಗೆ ಬಂದು ಅದೇ ಕಾಫಿ ಕುಡಿಯುವ ಗಿರಾಕಿಯನ್ನು ದಿನವೂ ಹೊಸಬನೆಂದು ಪುಸ್ತಕದಲ್ಲಿ ಬರೆದರೆ ತಿಂಗಳ ಕೊನೆಗೆ ಮೂವತ್ತು ಗಿರಾಕಿಗಳಾಗುತ್ತಾರೆ. ಗಲ್ಲೆಯ ಮೇಲೆ ವರ್ಷಗಟ್ಟಲೆ ಕುಳಿತ ನಮಗೆ ಈ ಬಗೆಯ ಲೆಕ್ಕ ಅಪರಿಚಿತವಲ್ಲ.

ಇಲ್ಲಿ ನಮ್ಮ ಎಗ್ಮೋರಿನ ಮಾತು ಬರುತ್ತದೆ. ಲಡಾಖಿನ ಈ ತಗಾದೆಯನ್ನು ಬಗೆಹರಿಸಿದ ಸಂಸ್ಥೆಯ ಮೂಲವು ಇದೇ ಎಗ್ಮೋರಿನಲ್ಲಿದೆಯೆಂಬುದನ್ನು ಗಾಂಧಿ ಇರ್ವಿನ್ ರಸ್ತೆಯಲ್ಲೂ ಕೆನೆಟ್ ಲೇನಿನಲ್ಲೂ ದಿನವಿಡೀ ಓಡಾಡುವ ನಮ್ಮವರಲ್ಲಿ ಎಷ್ಟು ಜನ ಬಲ್ಲರೋ ಕಾಣೆವು. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ ಎಂಬಾತನು ಎಗ್ಮೋರಿನ ತನ್ನ ನಿವಾಸದಲ್ಲಿ ಸ್ವಂತ ಖರ್ಚಿನಿಂದ ಒಂದು ವೇಧಶಾಲೆಯನ್ನು ಕಟ್ಟಿಕೊಂಡನು. ಅನಂತರ ಅದು ಕಂಪನಿಯ ವಶಕ್ಕೆ ಬಂದು, 1792ರಲ್ಲಿ ನುಂಗಂಬಾಕ್ಕಂಗೆ ಹೋಯಿತು. ಉಪಕರಣವನ್ನು ಹೊತ್ತು ನಿಂತಿದ್ದ ಗ್ರಾನೈಟ್ ಕಂಬವು, ತಮಿಳು ತೆಲುಗು ಮೊದಲಾದ ಭಾಷೆಗಳ ಬರಹಗಳೊಡನೆ, ಕಾಲೇಜ್ ರಸ್ತೆಯ ಹವಾಮಾನ ಕೇಂದ್ರದ ಆವರಣದಲ್ಲಿ ಇನ್ನೂ ಇದೆ. ನಕ್ಷತ್ರ ನೋಡುವುದು ಕಂಪನಿಗೆ ಶೋಕಿಯಾಗಿರಲಿಲ್ಲ. ಹಡಗು ನಡೆಸುವುದಕ್ಕೂ ಭೂಮಾಪನಕ್ಕೂ ಅದು ಬೇಕಾಗಿತ್ತು. 1899ರಲ್ಲಿ ಖಗೋಳದ ಕೆಲಸ ಕೊಡೈಕನಾಲಿಗೆ ಹೋಯಿತು. 1971ರಲ್ಲಿ ಅದೇ ಸ್ವಾಯತ್ತ ಸಂಸ್ಥೆಯಾಗಿ ಮುಂದೆ ಬೆಂಗಳೂರಿಗೆ ಬಂದಿತು. ಎಳುಂಬೂರಿನಿಂದ ಹೊರಟ ದಾರಿ ಕೊಡೈಕನಾಲ್, ಕೋರಮಂಗಲ, ಹೊಸಕೋಟೆಗಳನ್ನು ಹಾದು ಹಾನ್ಲೆಗೆ ಮುಟ್ಟಿದೆ.

ಮದರಾಸಿನ ಆ ವೇಧಶಾಲೆಯಲ್ಲಿ ಚಿಂತಾಮಣಿ ರಘುನಾಥಾಚಾರ್ಯರೆಂಬ ವಿದ್ವಾಂಸರು ಕೆಲಸ ಮಾಡುತ್ತಿದ್ದರು. 1867ರಲ್ಲಿ ಒಂದು ನಕ್ಷತ್ರದ ಕಾಂತಿ ಏರಿಳಿಯುವುದನ್ನು ಕಂಡುಹಿಡಿದು ಹೆಸರು ಪಡೆದವರು ಅವರು. 1874ರ ಡಿಸೆಂಬರ್ 9ರಂದು ಶುಕ್ರನು ಸೂರ್ಯಬಿಂಬವನ್ನು ಹಾದುಹೋಗುವ ಸಂದರ್ಭದಲ್ಲಿ, ಜನರು ಉತ್ಪಾತವೆಂದು ಹೆದರದಿರಲೆಂದೂ ಕಂಡುದನ್ನು ತಿಳಿದು ನೋಡಲೆಂದೂ ಅವರು ಬರೆದ ಕಿರುಹೊತ್ತಗೆ ಕನ್ನಡದಲ್ಲಿಯೂ ಅಚ್ಚಾಯಿತು. ಸುಮಾರು ಒಂದೂವರೆ ಶತಮಾನದ ಹಿಂದೆ, ಮದರಾಸಿನಿಂದ, ಕನ್ನಡದಲ್ಲಿ, ಶುಕ್ರನನ್ನು ಕುರಿತು! ಈ ಪಟ್ಟಣದಲ್ಲಿ ಕನ್ನಡವೆಂದರೆ ಇಡ್ಲಿ ದೋಸೆಯ ಭಾಷೆಯೆಂದು ತಿಳಿದವರು ಇದನ್ನು ನೆನಪಿನಲ್ಲಿಡುವುದು ಲೇಸು.

ಶುಕ್ರನಿಂದ ಮೋಸಹೋಗುವುದು ನಮ್ಮ ಸೈನಿಕರಿಗೆ ಮಾತ್ರ ಮೀಸಲಾದುದಲ್ಲ. 2011ರ ಜನವರಿ 14ರಂದು ಟೊರಾಂಟೊದಿಂದ ಜೂರಿಚ್‌ಗೆ ಹೋಗುತ್ತಿದ್ದ ಏರ್ ಕೆನಡಾ ವಿಮಾನದ ಸಹಚಾಲಕನು, ಅಟ್ಲಾಂಟಿಕ್ ಸಾಗರದ ಮೇಲೆ ಒಂದು ಗಂಟೆಗೂ ಮೀರಿ ನಿದ್ರಿಸಿ ಎಚ್ಚೆತ್ತನು. ಎದುರಿನಿಂದ ಒಂದು ಅಮೆರಿಕನ್ ಸೇನಾ ವಿಮಾನ ತುಸು ಕೆಳಗಿನ ಮಟ್ಟದಲ್ಲಿ ಬರುತ್ತಿದೆಯೆಂದು ಮುಖ್ಯ ಚಾಲಕನು ತಿಳಿಸಿದನು. ನಿದ್ದೆಗಣ್ಣಿನವನು ಮೊದಲು ಶುಕ್ರನನ್ನೇ ಆ ವಿಮಾನವೆಂದು ಭಾವಿಸಿದನು. ಮರುಕ್ಷಣ ನಿಜವಾದ ವಿಮಾನವು ತಮ್ಮ ಮೇಲೆಯೇ ಬರುತ್ತಿದೆಯೆಂದು ಭ್ರಮಿಸಿ ತನ್ನ ವಿಮಾನದ ಮೂಗನ್ನು ಕೆಳಕ್ಕೆ ಒತ್ತಿದನು. ಬೆಲ್ಟ್ ಕಟ್ಟದಿದ್ದವರು ಛಾವಣಿಗೆ ಬಡಿದರು. ಹದಿನಾಲ್ಕು ಪ್ರಯಾಣಿಕರೂ ಇಬ್ಬರು ಸಿಬ್ಬಂದಿಯೂ ಗಾಯಗೊಂಡರು. ರಾತ್ರಿ ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಎದ್ದು ಒಲೆ ಹಚ್ಚುವ ನಮ್ಮ ಮಾಣಿಗಳಿಗೂ ಅಡಿಗೆಯವರಿಗೂ ಇದನ್ನು ವಿವರಿಸಬೇಕಾಗಿಲ್ಲ. ಎದ್ದ ಮೊದಲ ಹತ್ತು ನಿಮಿಷ ಮನುಷ್ಯನು ಮನುಷ್ಯನಾಗಿರುವುದಿಲ್ಲ. ಕುದಿಯುವ ಎಣ್ಣೆಯ ಬಳಿಗೆ ಅಂಥವರನ್ನು ಅಟ್ಟುವ ಮಾಲೀಕರು ಕೆನಡಾದ ತನಿಖಾಧಿಕಾರಿಗಳ ವರದಿಯನ್ನು ಯಾರಿಂದಲಾದರೂ ಓದಿಸಿ ಕೇಳಬೇಕು.

2024ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಡ್ರೋನ್ ಭೀತಿ ಹಬ್ಬಿತು. ಐದು ಸಾವಿರಕ್ಕೂ ಮಿಕ್ಕಿ ದೂರುಗಳು ಬಂದುವು. ತನಿಖೆಗೆ ಯೋಗ್ಯವೆನಿಸಿದವು ನೂರರಷ್ಟು. ಕಾನೂನುಬದ್ಧ ಡ್ರೋನು, ವಿಮಾನ, ಹೆಲಿಕಾಪ್ಟರುಗಳೊಡನೆ ನಕ್ಷತ್ರಗಳನ್ನೂ ಜನ ಡ್ರೋನೆಂದು ಭಾವಿಸಿದ್ದಾರೆಂದು ಅಲ್ಲಿನ ಸರಕಾರವೇ ಹೇಳಿತು. ಮೇರಿಲ್ಯಾಂಡಿನ ಮಾಜಿ ಗವರ್ನರ್ ಲ್ಯಾರಿ ಹೋಗನ್ ತಮ್ಮ ಮನೆಯ ಮೇಲೆ ಹತ್ತಾರು ಡ್ರೋನುಗಳೆಂದು ಪ್ರಕಟಿಸಿದ ಚಿತ್ರದಲ್ಲಿ ಇದ್ದುದು ಮಹಾವ್ಯಾಧ ನಕ್ಷತ್ರಪುಂಜ. ಗವರ್ನರರಾದವರಿಗೇ ಹೀಗಾದರೆ ಗುಮಾಸ್ತರ ಪಾಡೇನು!

ಆದರೆ ಕಂಡುದೆಲ್ಲ ಗ್ರಹವೆಂದು ತಳ್ಳಿಹಾಕುವ ಪಂಡಿತರ ಜಾಡ್ಯವನ್ನೂ ನಾವು ಒಪ್ಪುವುದಿಲ್ಲ. 1948ರ ಜನವರಿ 7ರಂದು ಅಮೆರಿಕದ ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಎಂಬ ವಿಮಾನಚಾಲಕನು ಆಕಾಶದಲ್ಲಿ ಕಂಡ ವಸ್ತುವನ್ನು ಬೆನ್ನಟ್ಟಿ ಹೋಗಿ ಪ್ರಾಣ ಕಳೆದುಕೊಂಡನು. ಅವನು ಅಟ್ಟಿದ್ದು ಶುಕ್ರನನ್ನು ಎಂದು ಅಧಿಕಾರಿಗಳು ಮೊದಲು ಕೈತೊಳೆದುಕೊಂಡರು. ಆಗ ಗುಪ್ತವಾಗಿದ್ದ ಸ್ಕೈಹುಕ್ ಎಂಬ ಬೃಹತ್ ಬಲೂನೇ ಅದಾಗಿರಬೇಕೆಂಬ ಅಭಿಪ್ರಾಯ ಆಮೇಲೆ ಬಲವಾಯಿತು. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಮೇಲೆ ಹಗಲಿನಲ್ಲೇ ಏನೋ ಕಂಡು ಕೆಲವು ಗಂಟೆಗಳ ಕಾಲ ವಿಮಾನ ಸಂಚಾರ ನಿಂತಿತು. ವಾಯುಸೇನೆಯ ರಫೇಲ್ ವಿಮಾನಗಳು ಹುಡುಕಿ ಬರಿಗೈಯಲ್ಲಿ ಮರಳಿದುವು. ಅದನ್ನು ಶುಕ್ರನ ತಲೆಗೆ ಕಟ್ಟುವುದಕ್ಕೆ ಯಾವ ಆಧಾರವೂ ಇಲ್ಲ.

ಈ ಚೆನ್ನೈ ಪಟ್ಟಣಕ್ಕೂ ಎರಡು ಬಗೆಯ ಅನುಭವವಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಎಂಡೆನ್ ಹಡಗು ಬಂದು ಗುಂಡು ಹಾರಿಸಿದಾಗ ಪಟ್ಟಣ ಸಿದ್ಧವಾಗಿರಲಿಲ್ಲ. 1942ರ ಏಪ್ರಿಲಿನಲ್ಲಿ ಜಪಾನೀಯರು ಬಂದೇಬಿಟ್ಟರೆಂದು ಸರಕಾರವೇ ನಂಬಿ ಊರನ್ನು ಖಾಲಿಮಾಡಿಸಿದಾಗ ಮದರಾಸಿನ ದಡಕ್ಕೆ ಯಾರೂ ಬರಲಿಲ್ಲ. ಜನ ಮಾತ್ರ ಮನೆಮಾರು ಬಿಟ್ಟು ರೈಲಿಗೆ ನುಗ್ಗಿದರು. ಹೊಟ್ಟೆಪಾಡಿಗೆ ಪರಸ್ಥಳಕ್ಕೆ ಬಂದವನಿಗೆ ಸುಳ್ಳು ಸುದ್ದಿಯ ಬೆಲೆ ಮೊದಲು ತಟ್ಟುತ್ತದೆ. ಅಂಗಡಿ ಮುಚ್ಚಿದ ದಿನ ಅವನಿಗೆ ಊಟವೂ ಇಲ್ಲ, ಜಾಗವೂ ಇಲ್ಲ.

ನಮ್ಮ ಹಿರಿಯರಿಗೆ ಈ ಗೊಂದಲವಿರಲಿಲ್ಲವೆನ್ನಬೇಕು. ಗಡಿಯಾರವಿಲ್ಲದ ಮನೆಯಲ್ಲಿ ಬೆಳ್ಳಿ ಮೂಡಿದುದನ್ನು ನೋಡಿ ನೇಗಿಲು ಹೆಗಲಿಗೇರಿಸಿದವರು ಅವರು. ತಮಿಳರೂ ಅದನ್ನು ವಿಡಿವೆಳ್ಳಿಯೆನ್ನುತ್ತಾರೆ. ಶುಕ್ರಾಸ್ತದಲ್ಲಿ ಮದುವೆ ಮುಂಜಿಗಳಿಲ್ಲವಾದುದರಿಂದ ಅದು ಯಾವಾಗ ಮರೆಯಾಗುತ್ತದೆ, ಯಾವಾಗ ಮತ್ತೆ ಕಾಣುತ್ತದೆ ಎಂಬುದು ಪಂಚಾಂಗದಲ್ಲಿ ಇಂದಿಗೂ ಅಚ್ಚಾಗುತ್ತದೆ. ಆ ಪಂಚಾಂಗ ಹೋಟಲಿನ ಗೋಡೆಯ ಮೇಲೆಯೇ ತೂಗುತ್ತಿರುತ್ತದೆ. ನೋಡುವವರು ರಜೆಯ ದಿನಗಳನ್ನಷ್ಟೇ ನೋಡುತ್ತಾರೆ. ಪಟ್ಟಣದ ದೀಪಗಳ ಬೆಳಕಿನಲ್ಲಿ ಸಣ್ಣ ನಕ್ಷತ್ರಗಳೆಲ್ಲ ಅಳಿಸಿಹೋಗಿ ಗುರು ಶುಕ್ರರಂಥವು ಮಾತ್ರ ಉಳಿದಿರುವುದರಿಂದ ಅವು ನೆಂಟರಿಷ್ಟರಿಲ್ಲದ ಅಪರಿಚಿತರಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಶುಕ್ರನಿಗೆ ಇನ್ನೊಂದು ನಿಯಮವಿದೆ. ಎಂಟು ವರ್ಷಗಳಿಗೊಮ್ಮೆ ಅವನು ಹೆಚ್ಚುಕಡಿಮೆ ಅದೇ ದಿನಕ್ಕೆ ಅದೇ ಸ್ಥಾನಕ್ಕೆ ಮರಳುತ್ತಾನೆ. 2012ರ ಆಗಸ್ಟಿನಲ್ಲಿ ಇದ್ದಲ್ಲಿಯೇ 2020ರ ಆಗಸ್ಟಿನಲ್ಲಿ ಇದ್ದನು. ಅದು ಗಲ್ವಾನ್ ಕಣಿವೆಯಲ್ಲಿ ನಮ್ಮ ಇಪ್ಪತ್ತು ಯೋಧರು ಪ್ರಾಣ ತೆತ್ತ ವರ್ಷ. ಅದೇ ಆಗಸ್ಟ್ ಕೊನೆಯಲ್ಲಿ ಪ್ಯಾಂಗಾಂಗಿನ ದಕ್ಷಿಣದ ಶಿಖರಗಳನ್ನು ನಮ್ಮ ಸೈನ್ಯ ಹಿಡಿದಿತ್ತು. ಮುಂದಿನ ಬಾರಿ 2028ರ ಆಗಸ್ಟಿನಲ್ಲಿ ಅವನು ಅದೇ ಸರೋವರದ ಮೇಲೆ ಮುಂಜಾನೆ ಮೂಡುವನು. ಕಾವಲಿನ ಠಾಣೆಯಲ್ಲಿ ಆಗಿನ ಪಂಚಾಂಗವೊಂದು ಇರುವುದು ಸೇನಾಧಿಕಾರಿಗಳಿಗೆ ದೊಡ್ಡ ಖರ್ಚಿನ ಬಾಬಲ್ಲ.

ವಾಚಕರು ತಾವೇ ಪರೀಕ್ಷಿಸುವ ಕ್ರಮ ಸುಲಭವಾಗಿದೆ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಗ್ರಹವಾದರೆ ಗಂಟೆಗೆ ಒಂದೂವರೆ ಮುಷ್ಟಿಯಷ್ಟು ಪಶ್ಚಿಮಕ್ಕೆ ಸರಿಯುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಶುಕ್ರನು ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗಲಾರನಾದುದರಿಂದ ನಡುರಾತ್ರಿ ನೆತ್ತಿಯ ಮೇಲೆ ಕಂಡುದು ಅವನಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಮತ್ತೆ ಕಂಡರೆ ಅನುಮಾನ ಬಹುಮಟ್ಟಿಗೆ ತೀರಿತು. ಅಷ್ಟಾದರೂ ತೀರದ ಬೆಳಕನ್ನು ಯಾರಾದರೂ ಕಂಡಲ್ಲಿ, ಮೊಬೈಲಿನಲ್ಲಿ ಊರಿಗೆಲ್ಲ ಕಳುಹಿಸುವ ಮೊದಲು, ಹೊತ್ತು, ದಿಕ್ಕು, ಎಷ್ಟು ಮುಷ್ಟಿ ಎತ್ತರವೆಂಬ ಮೂರನ್ನು ಒಂದು ಕಾಗದದಲ್ಲಿ ಬರೆದು ನಮ್ಮ ಕಛೇರಿಗೆ ತಲುಪಿಸಿದರೆ, ತಿಳಿದವರಿಂದ ತಾಳೆ ನೋಡಿಸಿ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.