ಬನ್ನೂರು ಕುರಿ ಹೊಟ್ಟೆಗೆ ತೂತು ಯಾಕೆ ಸ್ವಾಮಿ?

ಮಂಡಿ ಮೊಹಲ್ಲಾದಲ್ಲಿ ಮಟನ್ ಕೊಳ್ಳುವಾಗ ‘ಬನ್ನೂರು ಕುರೀದೇ ತಾನೆ?’ ಅಂತ ವಿಚಾರಿಸ್ತೀವಿ. ಆ ತಳಿ ಉಳಿಸೋ ಮಾತು ಬಂದ್ರೆ ಮಾತ್ರ ಕೆಲವರಿಗೆ ಲ್ಯಾಪರೋಸ್ಕೋಪೇ ಬೇಕು! ಹೊಟ್ಟೆಗೆ ತೂತು ಕೊರೆದು ಗರ್ಭಕೋಶಕ್ಕೇ ವೀರ್ಯ ಬಿಡೋದು. ಕಾರಣ ಇದೆ, ಒಪ್ಪಿದೆ. ಕುರಿಯ ಗರ್ಭಕಂಠ ಹಸುವಿನದರ ಹಾಗಲ್ಲ, ಮಡಿಕೆ ಮಡಿಕೆಯಾಗಿ ಸೊಟ್ಟ. ನಳಿಕೆ ಸುಲಭಕ್ಕೆ ದಾಟಲ್ಲ. ಹೆಪ್ಪುಗಟ್ಟಿಸಿಟ್ಟ ವೀರ್ಯವಂತೂ ಬಾಗಿಲಲ್ಲೇ ಸುಸ್ತು.

ಆದ್ರೆ ಹೆಪ್ಪುಗಟ್ಟಿಸಲೇಬೇಕು ಅಂದೋರು ಯಾರು? ಟಗರಿನಿಂದ ಆಗಷ್ಟೇ ತೆಗೆದ, ಇಲ್ಲವೇ ತಂಪಾಗಿಟ್ಟ ವೀರ್ಯವನ್ನ ಗರ್ಭಕಂಠದ ಬಾಯಲ್ಲಿ ಬಿಟ್ರೂ ಎಷ್ಟೋ ಕುರಿಗಳಿಗೆ ಗಬ್ಬ ನಿಲ್ಲುತ್ತೆ. ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಇದನ್ನ ರೈತರ ಮಂದೆಗಳಲ್ಲೇ ಮಾಡಿ ತೋರಿಸಿದೆ. ಮೈಸೂರಿನಲ್ಲಿ ಒಳ್ಳೇ ಟಗರು ಸಾಕಿದ್ರೂ ಸಾಕು, ಬನ್ನೂರು 25 ಕಿ.ಮೀ. ಆಸುಪಾಸು. ಫ್ಲಾಸ್ಕಿನ ಕಾಫಿಯೂ ಆರದಷ್ಟು ದೂರ!