ಗೋಡೆಯೊಳಗಿನ ತಂತಿ

ಮನೆ ಕಟ್ಟಿಸುವವರು ಅಸ್ತಿವಾರವನ್ನು ಕುರಿತು ಹತ್ತು ಸಲ ವಿಚಾರಿಸುವರು. ಬಣ್ಣವನ್ನಾದರೋ ಬೇಕಾದಾಗ ಬದಲಿಸಬಹುದೆಂದು ಬಲ್ಲರು. ಕಚೇರಿಯ ಗಣಕಯಂತ್ರಗಳನ್ನು ಒಂದಕ್ಕೊಂದು ಕೂಡಿಸುವ ನೆಟ್‌ವರ್ಕ್ ತಂತಿಯು ಅಸ್ತಿವಾರದ ಪಂಕ್ತಿಗೆ ಸೇರಿದುದೇ ಹೊರತು ಬಣ್ಣದ ಪಂಕ್ತಿಗಲ್ಲ. ನಿವೃತ್ತಿಯ ಹಣವನ್ನೆಲ್ಲ ಸುರಿದು, ಬಾಡಿಗೆಗೆಂದು ಎರಡಂತಸ್ತಿನ ಕಚೇರಿಯನ್ನು ಕಟ್ಟಿಸುತ್ತಿರುವ ನಮ್ಮ ಮಿತ್ರರೊಬ್ಬರು, “ಈಗ ಎಲ್ಲವೂ ವೈಫೈ ಅಲ್ಲವೇ, ತಂತಿಯ ಖರ್ಚೇಕೆ ಸ್ವಾಮಿ?” ಎಂದು ಕೇಳಿದರು. ಪ್ರಶ್ನೆಯು ಅನೇಕರದಾದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ.

ಕಚೇರಿಯ ಚಾವಣಿಯಲ್ಲಿರುವ ವೈಫೈ ಪೆಟ್ಟಿಗೆಯ ಬೆನ್ನಿಗೂ ತಂತಿಯುಂಟು. ಸುದ್ದಿಯೂ ವಿದ್ಯುತ್ತೂ ಸಾಮಾನ್ಯವಾಗಿ ಆ ಒಂದೇ ತಂತಿಯಲ್ಲಿ ಬರುವುವು. ಆ ತಂತಿಯಲ್ಲಿ ಎಂಟು ಎಳೆಗಳಿದ್ದು, ಎರಡೆರಡನ್ನು ಜೋಡಿಸಿ ಹುರಿಗೊಳಿಸಿರುವರು. ಇದು 1881ರಲ್ಲಿ ಗ್ರಹಾಂ ಬೆಲ್ಲನು ದೂರವಾಣಿಗಾಗಿ ಪೇಟೆಂಟ್ ಪಡೆದ ಉಪಾಯ. ಹೊರಗಿನ ವಿದ್ಯುತ್ತಿನ ಗದ್ದಲವು ಎರಡೆಳೆಗಳಿಗೂ ಸಮನಾಗಿ ತಟ್ಟುವುದರಿಂದ, ಕೊನೆಯಲ್ಲಿ ಅದನ್ನು ಕಳೆದುಬಿಡಬಹುದು. ಆದುದರಿಂದ ತುದಿಯಲ್ಲಿ ಹುರಿಯನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದು. ದೀಪದ ತಂತಿಗಳೊಡನೆ ಒಂದೇ ಕೊಳವೆಯಲ್ಲಿ ಎಳೆಯಲೂಬಾರದು.

ಇನ್ನು ದರ್ಜೆಗಳು. ‘ಕ್ಯಾಟ್ 5ಇ’ ಎಂಬುದು ಸೆಕೆಂಡಿಗೆ 1 ಗಿಗಾಬಿಟ್ಟನ್ನು 100 ಮೀಟರು ಒಯ್ಯುವುದು. ‘ಕ್ಯಾಟ್ 6’ ಅದರ ಹತ್ತರಷ್ಟನ್ನು ಹೆಚ್ಚೆಂದರೆ 55 ಮೀಟರಿನವರೆಗೂ, ‘ಕ್ಯಾಟ್ 6ಎ’ ಪೂರ್ತಿ 100 ಮೀಟರಿಗೂ ಒಯ್ಯುವುವು. ಈ 100ರಲ್ಲಿ ಗೋಡೆಯೊಳಗಿನ ಭಾಗವು 90ನ್ನು ಮೀರತಕ್ಕುದಲ್ಲ. 6ಎ ತಂತಿಯು ದಪ್ಪ, ಬೆಲೆಯೂ ಅಧಿಕ. ಆದರೂ ಹೊಸ ಕಟ್ಟಡಕ್ಕೆ ಅದೇ ಉಚಿತವೆಂದು ನಮ್ಮ ಮತ. ಯಂತ್ರವು ಹಳತಾದರೆ ಮೇಜಿನಿಂದ ಎತ್ತಿಡಬಹುದು. ತಂತಿಯನ್ನು ಬದಲಿಸಬೇಕಾದರೆ ಗೋಡೆಯನ್ನೇ ಕೆದಕಬೇಕು. ಹಣವು ಸಾಲದಿದ್ದಲ್ಲಿ ಕ್ಯಾಟ್ 6 ಹಾಕಿಸಿ, ಕೊಳವೆಗಳನ್ನಾದರೂ ಅಗಲವಾಗಿ ಇಡಿಸತಕ್ಕದ್ದು. ಅಂತಸ್ತುಗಳ ನಡುವೆ ಫೈಬರ್ ಎಂಬ ಗಾಜಿನ ಎಳೆಯೂ ಇರಲಿ.

ಆದರೆ ದರ್ಜೆಗಿಂತಲೂ ಮುಖ್ಯವಾದುದು ಲೋಹ. ತಾಮ್ರದ ಲೇಪವುಳ್ಳ ಅಲ್ಯುಮಿನಿಯಂ ತಂತಿಯು ಅಗ್ಗದ ಬೆಲೆಗೆ ಮಾರಾಟವಾಗುತ್ತಿದೆ. ಅದು ಬಾಗಿದಲ್ಲಿ ಮುರಿಯುವುದು, ವಿದ್ಯುತ್ತು ಹರಿದರೆ ಹೆಚ್ಚು ಕಾಯುವುದು. 2018ರ ನಿಯಮದಂತೆ ಇಂಥ ಒಂದು ತಂತಿಗೆ 90 ವಾಟ್‌ವರೆಗೂ ಶಕ್ತಿಯನ್ನು ಹರಿಸಬಹುದಾದ್ದರಿಂದ, ಆ ಕಾವು ಉಪೇಕ್ಷಿಸತಕ್ಕದ್ದಲ್ಲ. ಪರೀಕ್ಷೆ ಸುಲಭ: ಎಳೆಯನ್ನು ಚಾಕುವಿನಿಂದ ಕೆರೆದು ನೋಡಿರಿ. ಒಳಗೆ ಬೆಳ್ಳಗಿದ್ದರೆ ಸುರುಳಿಯನ್ನು ಅಂಗಡಿಗೆ ಹಿಂದಿರುಗಿಸಿರಿ.

ಗಿಲಾವು ಮಾಡಿಸುವ ಮುನ್ನವೇ ಪ್ರತಿಯೊಂದು ತಂತಿಯನ್ನೂ ಉಪಕರಣದಿಂದ ಅಳೆಯಿಸಿ, ಎರಡು ತುದಿಗೂ ಅಂಕಿ ಕಟ್ಟಿಸಿ, ಫಲಿತಾಂಶವನ್ನು ಲಿಖಿತವಾಗಿ ಪಡೆಯಿರಿ. ಕೆಲಸದವರ ಕಡೆಯ ಕಂತನ್ನು ಆ ಕಾಗದವು ಕೈಸೇರಿದ ಮೇಲೆ ಕೊಡುವುದು ಲೇಸು.